ಎರಡೂವರೆ ಗಂಟೆಯ ಅಂತರ



ಕಳೆದ ತಿಂಗಳು ಸಾರಿನ ಪುಡಿಯ ಬಗ್ಗೆ ಬರೆದದ್ದಕ್ಕೆ ನಾಲ್ಕಾರು ಜನ ಫೋನು ಮಾಡಿ ಮೆಂತ್ಯದ ಅಳತೆ ಕೇಳಿದಿರಿ. ಸಂತೋಷವಾಯಿತು. ಈ ಸಲವೂ ಮಾತು ಅಡುಗೆಮನೆಯಿಂದಲೇ ಆರಂಭವಾಗುತ್ತದೆ, ಆದರೆ ಅಲ್ಲಿಯೇ ನಿಲ್ಲುವುದಿಲ್ಲ. ಡಿಸೆಂಬರ್ ಎಂದರೆ ನಮ್ಮ ಮದರಾಸಿನವರಿಗೆ ಸಂಗೀತ ಕಚೇರಿಗಳ ತಿಂಗಳು, ಸಭಾಗಳ ಕ್ಯಾಂಟೀನಿನ ತಿಂಗಳು. (ಚೆನ್ನೈ ಎನ್ನಲು ನನ್ನ ನಾಲಿಗೆ ಇನ್ನೂ ಪಳಗಿಲ್ಲ, ಕ್ಷಮಿಸಿ.) ಆದರೆ 2004ರ ನಂತರ ಡಿಸೆಂಬರ್ ಎಂದರೆ ಇನ್ನೊಂದು ನೆನಪೂ ಬರುತ್ತದೆ. ಅದನ್ನು ಈವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ. ಬರೆಯಲು ಧೈರ್ಯ ಬಂದದ್ದು ಒಂದು ಫೋನಿನ ದೆಸೆಯಿಂದ.

2023ರ ಅಕ್ಟೋಬರಿನ ಒಂದು ದಿನ. ಒಲೆಯ ಮೇಲೆ ಕುಕ್ಕರು ಕೂಗುತ್ತಿತ್ತು. ಇದ್ದಕ್ಕಿದ್ದಂತೆ ಊಟದ ಮೇಜಿನ ಮೇಲಿದ್ದ ನನ್ನ ಮೊಬೈಲು ಹಿಂದೆಂದೂ ಕೇಳದ ದನಿಯಲ್ಲಿ ಕಿರುಚಿಕೊಂಡಿತು. ಮಾಮೂಲಿ ಗಂಟೆಯಲ್ಲ, ಆಂಬುಲೆನ್ಸ್ ಒಳಗೆ ಬಂದಂಥ ಸದ್ದು. ಓಡಿಹೋಗಿ ನೋಡಿದರೆ, ಇದು ಸರ್ಕಾರ ಕಳಿಸಿದ ಪರೀಕ್ಷೆಯ ಸಂದೇಶ, ಗಾಬರಿಯಾಗಬೇಡಿ ಎಂಬ ಒಕ್ಕಣೆ. ಅಪಾಯ ಬಂದಾಗ ಒಂದು ಪ್ರದೇಶದ ಎಲ್ಲ ಮೊಬೈಲುಗಳಿಗೂ ಒಟ್ಟಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಆಗ ಊರಿಂದೂರಿಗೆ ಪರೀಕ್ಷಿಸುತ್ತಿದ್ದರು. ನಾನು 'ಓಕೆ' ಒತ್ತಿ, ಇನ್ನು ಇದೊಂದು ಕಾಟ ಎಂದುಕೊಂಡು ಒಲೆಯ ಕಡೆ ತಿರುಗಿದೆ.

ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಸೋಪಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಮುಖ ಬಿಳಿಚಿಹೋಗಿತ್ತು. "ಕಡಲ್ ವರುದಾ ಅಮ್ಮಾ?" ಎಂದಳು. ಕಡಲು ಬರುತ್ತಿದೆಯೇ ಎಂದು.

ಅವಳ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದಿದ್ದಾಳೆ, ವಿಷಯ ಬೇಕಾದರೆ ಬರೆಯಿರಿ ಎಂದಿದ್ದಾಳೆ. ನಾನು ಮದುವೆಯಾಗಿ ಮೈಸೂರಿನಿಂದ ಈ ಊರಿಗೆ ಬಂದ ಕೆಲವು ವರ್ಷಕ್ಕೆ ನಮ್ಮ ಮನೆಗೆ ಬಂದವಳು. ಮಂದವೆಳಿಯ ನಮ್ಮ ಮನೆಯಿಂದ ಸಮುದ್ರದ ಕಡೆಗೆ ನಡೆದರೆ ಪಟ್ಟಿನಪಾಕ್ಕಂ, ಅದರ ಕೊನೆಗೆ ಅಡಯಾರು ನದಿ ಕಡಲು ಸೇರುವಲ್ಲಿ ಶ್ರೀನಿವಾಸಪುರಂ. ಅವಳ ಮನೆ ಅಲ್ಲಿ. ಮನೆಯ ಹಿಂದೆ ಮರಳು, ಮರಳಿನ ಹಿಂದೆ ನೀರು, ಅಷ್ಟೇ.

2004ರ ಡಿಸೆಂಬರ್ 26 ಭಾನುವಾರ. ಹುಣ್ಣಿಮೆ. ಧನುರ್ಮಾಸವಾದ್ದರಿಂದ ನಾನು ಬೇಗ ಎದ್ದು ಸ್ನಾನ ಮಾಡಿ ಹುಗ್ಗಿಗೆ ಇಟ್ಟಿದ್ದೆ. ಆರೂವರೆಯ ಹೊತ್ತಿಗೆ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನೆಲ ಜೋಕಾಲಿಯಂತೆ ಒಮ್ಮೆ ತೂಗಿದಂತಾಯಿತು. ಖಾಲಿ ಹೊಟ್ಟೆ, ತಲೆ ಸುತ್ತಿರಬೇಕೆಂದು ಗೋಡೆ ಹಿಡಿದು ನಿಂತೆ. ಆಮೇಲೆ ಏನೂ ಇಲ್ಲ. ಏಳೂವರೆಗೆ ನಮ್ಮವರು ವಾಕಿಂಗ್ ಮುಗಿಸಿ ಬಂದರು, ಮರೀನಾದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಹವೆ ಚೆನ್ನಾಗಿತ್ತು ಎಂದರು. ಅವಳೂ ಆ ವೇಳೆಗೆ ಬಂದಳು. "ನಮ್ಮ ಮನೆಯಲ್ಲಿ ಪಾತ್ರೆಗಳೆಲ್ಲ ಕುಣಿದವು ಅಮ್ಮಾ" ಎಂದಳು. "ನಮ್ಮಲ್ಲೂ ಕುಣಿದವು" ಎಂದೆ. ಇಬ್ಬರೂ ನಕ್ಕೆವು. ಎಂಟೂವರೆಗೆ ಕೆಲಸ ಮುಗಿಸಿ ಹೊರಟವಳನ್ನು ನಾನೇ ತಡೆದೆ. ಸಂಕ್ರಾಂತಿ ಬರುತ್ತದೆ, ಪರದೆಗಳನ್ನು ಒಗೆದು ಹೋಗು ಎಂದೆ. ಒಗೆಯುತ್ತಿರುವಾಗಲೇ ಬೀದಿಯಲ್ಲಿ ಜನ ಸಮುದ್ರದ ಕಡೆಯಿಂದ ಓಡಿಬಂದರು.

ಅಲೆ ಬಂದದ್ದು ಒಂಬತ್ತು ಗಂಟೆಯ ಆಸುಪಾಸಿನಲ್ಲಿ. ಮನೆಯಲ್ಲಿ ಅವಳ ಒಂಬತ್ತು ವರ್ಷದ ಮಗ ಮತ್ತು ನಡೆಯಲಾರದ ಅತ್ತೆ ಇದ್ದರು. ಹುಡುಗನನ್ನು ಪಕ್ಕದ ಮನೆಯವನೊಬ್ಬ ಹೆಗಲಿಗೆ ಹಾಕಿಕೊಂಡು ಓಡಿದನಂತೆ. ಮುದುಕಿಯನ್ನು ಎತ್ತಲು ಮತ್ತೊಬ್ಬರಿರಲಿಲ್ಲ. ಗಂಡ ಲಾಂಚಿನಲ್ಲಿ ಆಳ ಸಮುದ್ರಕ್ಕೆ ಹೋಗಿದ್ದ. ಅವನಿಗೆ ಏನೂ ತಿಳಿಯಲೇ ಇಲ್ಲ. ದೋಣಿಯ ಅಡಿಯಲ್ಲೇ ಆ ಅಲೆ ಹಾದುಹೋಗಿತ್ತು. ಮೀನು ತುಂಬಿಕೊಂಡು ಬಂದು ನೋಡಿದರೆ ದಡದಲ್ಲಿ ಮನೆಯೂ ಇಲ್ಲ, ತಾಯಿಯೂ ಇಲ್ಲ.

"ನೀವು ತಡೆದದ್ದಕ್ಕೆ ನಾನು ಉಳಿದೆ" ಎಂದು ಅವಳು ಈಗಲೂ ಹೇಳುತ್ತಾಳೆ. ನಾನು ತಡೆಯದಿದ್ದರೆ ಮುದುಕಿಯ ಇನ್ನೊಂದು ತೋಳು ಹಿಡಿಯಲು ಅವಳಿರುತ್ತಿದ್ದಳಲ್ಲ ಎಂದು ನನಗೆ ಅನ್ನಿಸುತ್ತದೆ. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಡುತ್ತೇವೆ.

ಮಾರನೆಯ ದಿನ ಇಂಗ್ಲಿಷ್ ಪೇಪರಿನಲ್ಲಿ ಆ ಪದ ನೋಡಿದೆ. ಬಿ.ಎ. ಇಂಗ್ಲಿಷ್ ಓದಿದವಳಾದರೂ ಅದನ್ನು 'ಟ್ಸುನಾಮಿ' ಎಂದೇ ಓದಿಕೊಂಡೆ. ನಮ್ಮವರು ಟೀವಿ ನೋಡಿ ತಿದ್ದಿದರು. ಜಪಾನೀ ಭಾಷೆಯಲ್ಲಿ ಬಂದರಿನ ಅಲೆ ಎಂದು ಅರ್ಥವಂತೆ. ಕಡಲಿನ ನಡುವೆ ಇದ್ದವರಿಗೆ ತಿಳಿಯುವುದಿಲ್ಲ, ಬಂದರಿಗೆ ಮರಳಿದಾಗಲೇ ಹಾಳಾದದ್ದು ಕಾಣುವುದು. ಆ ಲಾಂಚಿನವನ ಕತೆಯೇ ಒಂದು ಪದದಲ್ಲಿದೆ ನೋಡಿ.

ನನ್ನನ್ನು ಕೊರೆದದ್ದು ಆ ಎರಡೂವರೆ ಗಂಟೆ. ನಮ್ಮ ಗೂಡಿನ ಲೋಟ ಅಲುಗಿದ್ದಕ್ಕೂ ಅಲೆ ಬಂದದ್ದಕ್ಕೂ ನಡುವೆ ಅಷ್ಟು ಹೊತ್ತು ಇತ್ತು. ಹುಗ್ಗಿ ಮಾಡಿ, ನೈವೇದ್ಯ ಮಾಡಿ, ತಿಂದು, ಕಾಫಿ ಕುಡಿದು, ಪರದೆ ನೆನೆಹಾಕುವಷ್ಟು ಹೊತ್ತು. ಶ್ರೀನಿವಾಸಪುರಂನಿಂದ ಅಪಾಯವಿಲ್ಲದ ಜಾಗಕ್ಕೆ ನಡೆಯಲು ಅರ್ಧ ಗಂಟೆ ಸಾಕು, ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರೂ.

ಹಾಗಾದರೆ ಯಾರಿಗೂ ಗೊತ್ತಿರಲಿಲ್ಲವೇ? ಆಗಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಗೊತ್ತಿತ್ತು, ಓದುಗರೇ. ನಮ್ಮ ಗಡಿಯಾರದಲ್ಲಿ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾದ ಬಳಿ ಕಡಲತಳ ಬಿರಿಯಲು ಆರಂಭಿಸಿ, ಅಂಡಮಾನಿನ ಕಡೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಸೀಳುತ್ತ ಹೋಯಿತು. ಹರಿದ ಬಟ್ಟೆಯ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಲು ಅದಕ್ಕೇ ಹತ್ತು ನಿಮಿಷದಷ್ಟು ಹಿಡಿಯಿತು. ಜಗತ್ತಿನ ಭೂಕಂಪ ಮಾಪಕಗಳೆಲ್ಲ ಇದನ್ನು ಗುರುತಿಸಿದವು. ಹವಾಯಿ ದ್ವೀಪದಲ್ಲಿ 1949ರಿಂದ ಸುನಾಮಿ ಎಚ್ಚರಿಕೆ ಕೇಂದ್ರವೊಂದಿದೆ. ಅಲ್ಲಿಯವರು ಹದಿನೈದು ನಿಮಿಷದಲ್ಲೇ ಪ್ರಕಟಣೆ ಹೊರಡಿಸಿದರು. ಆದರೆ ಅದು ಪೆಸಿಫಿಕ್ ಸಾಗರದ ದೇಶಗಳಿಗೆ, ನಿಮಗೆ ಅಪಾಯವಿಲ್ಲ ಎಂದು ತಿಳಿಸುವುದಕ್ಕೆ. ಭೂಕಂಪದ ಪ್ರಮಾಣವನ್ನೂ ಮೊದಲು 8.0 ಎಂದು ಲೆಕ್ಕ ಹಾಕಿದ್ದರು, ನಿಜವಾಗಿ ಅದು 9.1. ಹಿಂದೂ ಮಹಾಸಾಗರಕ್ಕೆ ಅಂಥ ಕೇಂದ್ರವೇ ಇರಲಿಲ್ಲ. ನಮ್ಮಲ್ಲಿ ಸುನಾಮಿ ಎಲ್ಲಿ ಬರುತ್ತದೆ ಎಂಬ ಭಾವನೆ.

ಮದರಾಸಿಗೆ ಅಲೆ ಬರುವ ಒಂದು ಗಂಟೆಗೂ ಮೊದಲೇ ಕಾರ್ ನಿಕೋಬಾರಿನ ನಮ್ಮ ವಾಯುಪಡೆಯ ನೆಲೆ ಕೊಚ್ಚಿಹೋಗಿತ್ತು. ದೆಹಲಿಯಲ್ಲಿ ಭೂಕಂಪದ ಸುದ್ದಿ ಹೊತ್ತ ಫ್ಯಾಕ್ಸು ಆಗಿನ ಮಂತ್ರಿಗಳ ಬದಲು ಹಿಂದಿನ ಮಂತ್ರಿಗಳ ವಿಳಾಸಕ್ಕೆ ಹೋಯಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಮದರಾಸು ಬಂದರಿನಲ್ಲಿ ಸಮುದ್ರದ ಮಟ್ಟ ಅಳೆಯುವ ಉಪಕರಣ ಇಂದು ನಿನ್ನೆಯದಲ್ಲ. 1883ರಲ್ಲಿ ಕ್ರಾಕಟೋವಾ ಜ್ವಾಲಾಮುಖಿ ಸಿಡಿದಾಗ ಎದ್ದ ಅಲೆಯೂ ಇಲ್ಲಿ ದಾಖಲಾಗಿದೆ. 2004ರ ಅಲೆಯನ್ನೂ ಉಪಕರಣ ಶಿಸ್ತಾಗಿ ಬರೆದುಕೊಂಡಿತು. ಬರೆದುಕೊಂಡಿತು, ಅಷ್ಟೇ. ಆ ಕ್ಷಣದಲ್ಲಿ ಅದನ್ನು ಓದಿ ಇನ್ನೊಬ್ಬರಿಗೆ ಹೇಳುವ ಏರ್ಪಾಡು ಇರಲಿಲ್ಲ. ನಮ್ಮ ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಾಗಪಟ್ಟಿಣಂ ಒಂದೇ ಜಿಲ್ಲೆಯಲ್ಲಿ ಸುಮಾರು ಆರು ಸಾವಿರ.

ಆಗ ಒಂದು ಮಾತು ಬಹಳ ಪ್ರಚಾರವಾಯಿತು. ಸುನಾಮಿ ಬರುವ ಮುಂಚೆ ಸಮುದ್ರ ಹಿಂದಕ್ಕೆ ಸರಿಯುತ್ತದೆ, ಅದನ್ನು ನೋಡಿ ಓಡಬೇಕು ಎಂದು. ಥಾಯ್ಲೆಂಡಿನ ತೀರದಲ್ಲಿ ಅದು ನಿಜವೇ. ಆದರೆ ನಮ್ಮ ಪೂರ್ವ ತೀರಕ್ಕೆ ಮೊದಲು ಬಂದದ್ದು ಉಬ್ಬು, ತಗ್ಗು ಆಮೇಲೆ. ಕಡಲತಳದ ಯಾವ ಭಾಗ ಎದ್ದಿತು, ಯಾವ ಭಾಗ ಕುಸಿಯಿತು ಎಂಬುದರ ಮೇಲೆ ಇದು ನಿಂತಿದೆ. ಆದ್ದರಿಂದ ದಯವಿಟ್ಟು ಸಮುದ್ರ ಸರಿಯಲಿ ಎಂದು ಕಾಯುತ್ತ ನಿಲ್ಲಬೇಡಿ. ಮೊಮ್ಮಕ್ಕಳಿಗೂ ಹಾಗೆ ಹೇಳಿಕೊಡಬೇಡಿ.

ಈಗ ಏನಿದೆ ಎಂದು ಕೇಳುತ್ತೀರಿ. 2007ರ ಅಕ್ಟೋಬರಿನಿಂದ ಹೈದರಾಬಾದಿನಲ್ಲಿ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಇನ್‌ಕಾಯಿಸ್ ಎಂದು ಚಿಕ್ಕದಾಗಿ ಕರೆಯುವ ಸಂಸ್ಥೆಯೊಳಗೆ ಅದು ಇದೆ. ಸಮುದ್ರವೇ ಇಲ್ಲದ ಊರಿನಲ್ಲಿ ಸಮುದ್ರ ಕಾಯುವವರು! ಹೈದರಾಬಾದಿನ ನಮ್ಮ ಕನ್ನಡ ಬಂಧುಗಳು ಬೇಸರ ಮಾಡಿಕೊಳ್ಳಬಾರದು. ಯೋಚಿಸಿದರೆ ಅದೇ ಸರಿ. ಕಾವಲುಗಾರನೇ ನೀರಿನಲ್ಲಿ ಕೊಚ್ಚಿಹೋಗಬಾರದಲ್ಲ.

ನಮ್ಮ ಮೈದುನನ ಮಗ ಇಂಜಿನಿಯರಿಂಗ್ ಓದಿದವನು. ಅವನನ್ನು ಕೂರಿಸಿಕೊಂಡು ನನಗೆ ತಿಳಿಯುವ ಹಾಗೆ ಹೇಳಿಸಿದೆ. ಈ ಕೇಂದ್ರಕ್ಕೆ ಮೂರು ಬಗೆಯ ಕಿವಿಗಳಿವೆ ಎನ್ನಿ. ಮೊದಲನೆಯದು ಭೂಕಂಪ ಮಾಪಕಗಳು. ನಮ್ಮ ದೇಶದ್ದು, ಹೊರದೇಶದ್ದು ಎಲ್ಲ ಸೇರಿ ನೂರಾರು. ನೆಲದೊಳಗಿನ ಅಲುಗಾಟ ನೀರಿನ ಅಲೆಗಿಂತ ಎಷ್ಟೋ ಪಾಲು ವೇಗವಾಗಿ ಓಡುವುದರಿಂದ ಹತ್ತು ನಿಮಿಷದಷ್ಟರಲ್ಲಿ ಎಲ್ಲಿ ನಡುಗಿತು, ಎಷ್ಟು ನಡುಗಿತು ಎಂಬುದು ಗೊತ್ತಾಗುತ್ತದೆ. ಅಲೆಯ ವೇಗವೂ ಕಡಿಮೆಯಲ್ಲ. ನಾಲ್ಕು ಕಿಲೋಮೀಟರ್ ಆಳದ ನೀರಿನಲ್ಲಿ ಗಂಟೆಗೆ 700 ಕಿಲೋಮೀಟರ್, ವಿಮಾನಕ್ಕೆ ಸಮ. ದಡದ ಬಳಿ ಆಳ ಕಡಿಮೆಯಾದಂತೆ ನಿಧಾನವಾಗುತ್ತದೆ, ಹಿಂದಿನ ನೀರು ಮುಂದಿನದರ ಮೇಲೆ ಒತ್ತರಿಸಿ ಎತ್ತರವಾಗುತ್ತದೆ. ನಡುಗಡಲಿನಲ್ಲಿ ಅದರ ಎತ್ತರ ಎಷ್ಟಿತ್ತು ಗೊತ್ತೇ? 2004ರಲ್ಲಿ ಭೂಕಂಪವಾಗಿ ಎರಡು ಗಂಟೆಯ ನಂತರ ಅಲ್ಲಿ ಹಾದುಹೋದ ಉಪಗ್ರಹವೊಂದು ಅಳೆದಾಗ ಸುಮಾರು 60 ಸೆಂಟಿಮೀಟರ್. ನಮ್ಮ ಊಟದ ಮೇಜಿನಷ್ಟೂ ಇಲ್ಲ. ಲಾಂಚಿನವನಿಗೆ ಹೇಗೆ ತಿಳಿಯಬೇಕು ಪಾಪ.

ಆದರೆ ಕಡಲಿನಡಿಯ ಪ್ರತಿಯೊಂದು ಭೂಕಂಪಕ್ಕೂ ಸುನಾಮಿ ಏಳುವುದಿಲ್ಲ. ಅದಕ್ಕೇ ಎರಡನೆಯ ಕಿವಿ, ಸಮುದ್ರದ ತಳದಲ್ಲಿ ಕೂತಿರುವುದು. ಅದರ ಕೆಲಸ ತನ್ನ ತಲೆಯ ಮೇಲಿನ ನೀರಿನ ಭಾರವನ್ನು ತೂಗುತ್ತಲೇ ಇರುವುದು. ತಲೆಯ ಮೇಲೆ ಕೊಡ ಹೊತ್ತವಳಿಗೆ ಹಿಂದಿನಿಂದ ಯಾರಾದರೂ ಇನ್ನೊಂದು ಚೊಂಬು ಸುರಿದರೆ ನೋಡದೆಯೂ ತಿಳಿಯುತ್ತದಲ್ಲ, ಹಾಗೆ. ಇದು ಎಂಥ ಸೂಕ್ಷ್ಮವೆಂದರೆ ಕಿಲೋಮೀಟರ್‌ಗಟ್ಟಲೆ ನೀರಿನಡಿಯಿಂದ ಮೇಲೆ ಒಂದು ಸೆಂಟಿಮೀಟರ್ ಏರಿದ್ದನ್ನೂ ಹೇಳಬಲ್ಲದು. ತಿಳಿದದ್ದನ್ನು ಅದು ನೀರಿನೊಳಗೆ ಸದ್ದು ಮಾಡಿ, ಮೇಲೆ ಲಂಗರು ಹಾಕಿ ನಿಲ್ಲಿಸಿರುವ ತೇಲುವ ಪೀಪಾಯಿಗೆ ತಿಳಿಸುತ್ತದೆ. ಪೀಪಾಯಿ ಉಪಗ್ರಹಕ್ಕೆ, ಉಪಗ್ರಹ ಹೈದರಾಬಾದಿಗೆ. ಸಾಮಾನ್ಯ ದಿನಗಳಲ್ಲಿ ಆಗೊಮ್ಮೆ ಈಗೊಮ್ಮೆ ವರದಿ, ಏರುಪೇರು ಕಂಡಿತೆಂದರೆ ನಿಮಿಷ ನಿಮಿಷಕ್ಕೂ. ಈ ಪೀಪಾಯಿಗಳನ್ನು ಬಂಗಾಳ ಕೊಲ್ಲಿಯಲ್ಲೂ ಅರಬ್ಬೀ ಸಮುದ್ರದಲ್ಲೂ ನಿಲ್ಲಿಸಿ ನೋಡಿಕೊಳ್ಳುವವರು ನಮ್ಮ ಮದರಾಸಿನ ಪಳ್ಳಿಕ್ಕರಣೆಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು. ವೇಳಚೇರಿಯಿಂದ ತಾಂಬರಂ ಕಡೆಗೆ ಹೋಗುವ ಬಸ್ಸಿನಲ್ಲಿ ಎಷ್ಟು ಸಲ ಆ ಗೇಟಿನ ಮುಂದೆ ಹಾದುಹೋಗಿದ್ದೆನೋ, ಒಳಗೆ ಏನು ನಡೆಯುತ್ತದೆಂದು ಕೇಳಿದವಳಲ್ಲ.

ಮೂರನೆಯದು ಬಂದರುಗಳಲ್ಲಿ ನೀರಿನ ಮಟ್ಟ ಅಳೆಯುವ ಉಪಕರಣಗಳು, ಆಗ ಸುಮ್ಮನೆ ಬರೆದುಕೊಂಡವುಗಳ ತಂಗಿಯರು. ಇವು ಬರೆದುಕೊಳ್ಳುವುದರ ಜೊತೆಗೆ ಆಗಿಂದಾಗಲೇ ಹೇಳುತ್ತವೆ.

ಒಂದು ವಿಷಯ ನನಗೆ ಮೆಚ್ಚಿಗೆಯಾಯಿತು. ಅಲೆ ಒಂದು ಗಂಟೆಯೊಳಗೆ ಮುಟ್ಟುವಂಥ ಜಾಗಗಳಿಗೆ, ಅಂಡಮಾನ್ ನಿಕೋಬಾರಿಗೆ ಎನ್ನಿ, ಭೂಕಂಪದ ಲೆಕ್ಕವೊಂದರ ಮೇಲೆಯೇ ಎಚ್ಚರಿಕೆ ಕೊಟ್ಟುಬಿಡುತ್ತಾರೆ. ಅಲ್ಲಿ ಕಾಯಲು ಸಮಯವಿಲ್ಲ. ನಮ್ಮಂಥ ದೂರದ ತೀರಕ್ಕೆ ಮೊದಲು ಸಿದ್ಧವಾಗಿರಿ ಎಂದು ಹೇಳಿ, ನೀರಿನ ಕಿವಿಗಳು ಏನೆನ್ನುತ್ತವೆ ಎಂದು ಕೇಳಿಕೊಂಡು ಆಮೇಲೆ ಜನರನ್ನು ಎಬ್ಬಿಸುತ್ತಾರೆ. ಸುಮ್ಮಸುಮ್ಮನೆ ಓಡಿಸಿದರೆ ಮುಂದಿನ ಸಲ ಯಾರೂ ಓಡುವುದಿಲ್ಲವೆಂದು ಅವರಿಗೂ ಗೊತ್ತಿದೆ.

ಇದರ ಪರೀಕ್ಷೆ 2012ರ ಏಪ್ರಿಲ್ 11ರಂದು ನಡೆಯಿತು. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಹಪ್ಪಳದ ಹಿಟ್ಟು ಕುಟ್ಟಿಸಿಕೊಂಡು ಬಂದು ಕೂತಿದ್ದೆ. ಕುರ್ಚಿ ತೂಗಿತು. ಈ ಸಲ ತಲೆ ಸುತ್ತು ಎಂದುಕೊಳ್ಳಲಿಲ್ಲ. ಸುಮಾತ್ರಾದ ಕಡೆಯೇ, 8.6 ಪ್ರಮಾಣದ್ದು. ಹೈದರಾಬಾದಿನವರು ಹತ್ತು ನಿಮಿಷದೊಳಗೆ ಮೊದಲ ಪ್ರಕಟಣೆ ಕೊಟ್ಟರು. ಮರೀನಾದಲ್ಲಿ ಪೋಲೀಸರು ಜನರನ್ನು ಹಿಂದಕ್ಕೆ ಕಳಿಸಿದರು. ನಾನು ಅವಳಿಗೆ ಫೋನು ಹಚ್ಚಿದೆ. ಸಿಗಲಿಲ್ಲ. ಊರಿನವರೆಲ್ಲ ಒಟ್ಟಿಗೆ ಫೋನು ಮಾಡುವಾಗ ಎಲ್ಲಿ ಸಿಗುತ್ತದೆ? ಅವಳು ಆಗ ಇನ್ನೊಂದು ಮನೆಯಲ್ಲಿ ಕೆಲಸಕ್ಕಿದ್ದಳು. ಸೀದಾ ಮನೆಗೆ ಓಡಿ, ಗಂಟುಮೂಟೆ ಕಟ್ಟಿಕೊಂಡು, ಅಕ್ಕಪಕ್ಕದವರೊಂದಿಗೆ ಸಾಂಥೋಮ್ ರಸ್ತೆಯಲ್ಲಿ ಸಂಜೆಯವರೆಗೆ ನಿಂತಿದ್ದಳಂತೆ.

ಅಂದು ದೊಡ್ಡ ಅಲೆ ಬರಲಿಲ್ಲ. ಕಾರಣ ಹೀಗೆ. ನೀರು ತುಂಬಿದ ದೊಡ್ಡ ಪರಾತವನ್ನು ಅಡಿಯಿಂದ ಗುದ್ದಿದರೆ ನೀರು ಎದ್ದು ಚೆಲ್ಲುತ್ತದೆ. ಅದೇ ಪರಾತದ ಅಡಿಯಲ್ಲಿ ಎರಡು ತಗಡು ಒಂದರ ಪಕ್ಕದಲ್ಲಿ ಒಂದು ಜಾರಿದರೆ ಮೇಲಿನ ನೀರಿಗೆ ಅಷ್ಟಾಗಿ ತಿಳಿಯದು. 2004ರಲ್ಲಿ ತಳ ಮೇಲೆದ್ದಿತು, 2012ರಲ್ಲಿ ಅಡ್ಡಡ್ಡ ಜಾರಿತು. ಸಮುದ್ರದ ಉಪಕರಣಗಳು ಸಣ್ಣ ಅಲೆಯಷ್ಟೇ ಎಂದು ತೋರಿಸಿದ ಮೇಲೆ ಸಂಜೆ ಎಚ್ಚರಿಕೆಯನ್ನು ಹಿಂದಕ್ಕೆ ಪಡೆದರು. ರಾತ್ರಿ ಬಂದವಳು, "ಸುಮ್ಮನೆ ನಿಲ್ಲಿಸಿದರು, ಹಾಲೆಲ್ಲ ಒಡೆದುಹೋಯಿತು" ಎಂದು ಬೈದಳು. ಬೈದುಕೊಳ್ಳಲಿ. ಬೈಯುವುದಕ್ಕೆ ಅವಳಿದ್ದಾಳಲ್ಲ ಎಂದು ಒಂದು ಲೋಟ ಕಾಫಿ ಕೊಟ್ಟೆ.

ನಮ್ಮ ಕಡೆಯ ನೆಂಟರಿಗೆ ಇದೆಲ್ಲ ನಿಮ್ಮ ಪೂರ್ವ ಸಮುದ್ರದ ಕಾಯಿಲೆ ಎಂಬ ಭಾವನೆ. ಕಾರವಾರದಲ್ಲಿರುವ ನಮ್ಮ ಅತ್ತಿಗೆ, "ನಮ್ಮ ಅರಬ್ಬೀ ಸಮುದ್ರ ಸಾಧು ಕಣೇ" ಎನ್ನುತ್ತಾರೆ. 1945ರ ನವೆಂಬರಿನಲ್ಲಿ ಮಕ್ರಾನ್ ತೀರದಲ್ಲಿ, ಈಗಿನ ಪಾಕಿಸ್ತಾನದ ಕಡೆ, ಭೂಕಂಪವಾಗಿ ಎದ್ದ ಅಲೆ ಮುಂಬಯಿಯವರೆಗೂ ಬಂದು ಜನರನ್ನು ಬಲಿ ತೆಗೆದುಕೊಂಡಿದೆ. ಪೀಪಾಯಿಗಳನ್ನು ಆ ಕಡೆಯೂ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಬಯಿ, ಮಂಗಳೂರಿನ ಓದುಗರು ಇದನ್ನು ಓದಿ ಗಾಬರಿಪಡುವುದು ಬೇಡ, ಗಮನದಲ್ಲಿಟ್ಟುಕೊಂಡರೆ ಆಯಿತು.

ಇನ್ನು ಆ ಪೀಪಾಯಿಯ ಕತೆ. ಅವಳ ಮಗ, ಹೆಗಲ ಮೇಲೆ ಕೂತು ಪಾರಾದ ಹುಡುಗ, ಈಗ ಕಾಶಿಮೇಡಿನಿಂದ ಆಳ ಸಮುದ್ರಕ್ಕೆ ಹೋಗುವ ಬೋಟಿನಲ್ಲಿದ್ದಾನೆ. ಒಂದು ದಿನ ತಾಯಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಇಂಥ ಪೀಪಾಯಿ ನೋಡಿದ್ದೀಯೇನಪ್ಪ ಎಂದೆ. "ಓ, ಮಿದವೈ! ಅದರ ಅಡಿಯಲ್ಲಿ ಮೀನು ಸೇರುತ್ತೆ ಅಮ್ಮಾ" ಎಂದ. ನೆರಳಿಗೆ ಸಣ್ಣ ಮೀನು, ಸಣ್ಣದಕ್ಕೆ ದೊಡ್ಡದು. ಅದಕ್ಕೇ ಬೋಟುಗಳು ಅಲ್ಲಿಗೆ ಹೋಗುತ್ತವೆ, ಕೆಲವರು ಅದಕ್ಕೇ ಹಗ್ಗ ಕಟ್ಟಿ ನಿಲ್ಲುತ್ತಾರೆ, ಬಲೆ ಸಿಕ್ಕಿಕೊಂಡರೆ ಕತ್ತರಿಸುತ್ತಾರೆ, ಸೋಲಾರ್ ತಟ್ಟೆ ಬಿಚ್ಚಿಕೊಂಡು ಹೋಗುವವರೂ ಇದ್ದಾರಂತೆ. ಇದು ಅವನೊಬ್ಬನ ಮಾತಲ್ಲ. ಪೀಪಾಯಿಗಳಿಗೆ ಹೀಗೆ ಹಾನಿಯಾಗುವುದು ದೊಡ್ಡ ತಲೆನೋವೆಂದು ಆ ಸಂಸ್ಥೆಯವರೇ ಮೀನುಗಾರರ ಊರುಗಳಿಗೆ ಹೋಗಿ ತಿಳಿಹೇಳುತ್ತ ಬಂದಿದ್ದಾರೆ.

ಅದು ಏನು ಕೆಲಸ ಮಾಡುತ್ತದೆಂದು ನಾನು ಹೇಳಿದೆ. ಹುಡುಗ ಸುಮ್ಮನಾದ. ತಾಯಿ ಮಾತ್ರ ಸೊಂಟಕ್ಕೆ ಕೈ ಕೊಟ್ಟುಕೊಂಡು ಎದುರಿಗೆ ನಿಂತಳು. "ನಿಮ್ಮ ಪಾಟಿ ಹೋದದ್ದು ಮರೆತೆಯೇನೋ? ಅದಕ್ಕೆ ಹಗ್ಗ ಕಟ್ಟುತ್ತೀಯಾ?" ಎಂದಳು. ತಾನು ಕಟ್ಟಿಲ್ಲ, ಬೇರೆಯವರು ಎಂದ. ನಾನು ಅವನನ್ನು ಬೈಯಲಿಲ್ಲ. ಡೀಸೆಲ್ಲಿಗೆ ಸಾಲ ಮಾಡಿ ಹೋದವನಿಗೆ ಮೀನು ಕಂಡ ಕಡೆ ಹೋಗದಿರು ಎನ್ನಲು ನಾವು ಯಾರು? ಆ ಪೀಪಾಯಿ ನಿನ್ನ ಮನೆಯ ಕಾವಲಿಗಿದೆ ಎಂದು ಅವನಿಗೆ ಆ ದಿನದವರೆಗೆ ಯಾರೂ ಹೇಳಿರಲಿಲ್ಲ, ಅವನ ಭಾಷೆಯಲ್ಲಿ, ಅವನ ಎದುರಿಗೆ ನಿಂತು.

ಆಮೇಲೆ ಅವಳು ಪ್ರಶ್ನೆ ಕೇಳತೊಡಗಿದಳು. ಓದು ಬರಹ ಕಡಿಮೆ, ಪ್ರಶ್ನೆ ಮಾತ್ರ ವಕೀಲರಂತೆ. "ಆ ಮಿದವೈ ಯಾರಿಗೆ ಹೇಳುತ್ತೆ?" ಹೈದರಾಬಾದಿಗೆ. "ಹೈದರಾಬಾದಿನವರು?" ದೆಹಲಿಗೆ, ಇಲ್ಲಿಯ ಸರ್ಕಾರಕ್ಕೆ. "ಸರ್ಕಾರದವರು?" ಕಲೆಕ್ಟರಿಗೆ, ಪೋಲೀಸಿಗೆ. "ಸರಿ. ನನಗೆ ಯಾರು ಹೇಳುತ್ತಾರೆ?" ಈಗ ಮೊಬೈಲು ಕಿರುಚುತ್ತದಲ್ಲ ಎಂದೆ. "ಅವತ್ತು ಕಿರುಚಿತು. ನೀವು ಓಕೆ ಒತ್ತಿದಿರಿ" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ನಲ್ಲವಾಡಿನ ಕತೆ ಹೇಳಿದೆ. ಪುದುಚೇರಿಯ ಹತ್ತಿರದ ಮೀನುಗಾರರ ಹಳ್ಳಿ ಅದು. 2004ರ ಆ ಬೆಳಿಗ್ಗೆ ಸಿಂಗಪುರದಲ್ಲಿ ಕೆಲಸಕ್ಕಿದ್ದ ಆ ಊರಿನವನೊಬ್ಬ ಟೀವಿಯಲ್ಲಿ ಸುದ್ದಿ ನೋಡಿ ಮನೆಗೆ ಫೋನು ಮಾಡಿದ. ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದವರು ಆ ಹಳ್ಳಿಯಲ್ಲಿ ಒಂದು ಮಾಹಿತಿ ಕೇಂದ್ರ ಮಾಡಿ ಧ್ವನಿವರ್ಧಕ ಹಾಕಿಕೊಟ್ಟಿದ್ದರು. ಸಮುದ್ರದ ಹವಾಮಾನ, ಅಲೆಯ ಎತ್ತರ ಇಂಥದನ್ನೆಲ್ಲ ಮೀನುಗಾರರಿಗೆ ಕೂಗಿ ಹೇಳುವುದಕ್ಕೆ. ಊರಿನವರು ಅದರ ಬೀಗ ತೆಗೆದು ಕೂಗಿದರು. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಓಡಿ ಬದುಕಿಕೊಂಡರು. ಪೀಪಾಯಿಯಿಲ್ಲ, ಉಪಗ್ರಹವಿಲ್ಲ. ಒಂದು ಫೋನು, ಒಂದು ಮೈಕು, ಮತ್ತು ದಿನಾ ಅದೇ ಮೈಕಿನ ಮಾತು ಕೇಳಿ ನಂಬಿದ ಜನ.

ಒಡಿಶಾದಲ್ಲಿ ಇದನ್ನೇ ಅಚ್ಚುಕಟ್ಟಾಗಿ ಮಾಡಿದ್ದಾರೆ. ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳಿಗೆ 2020ರಲ್ಲಿ ಯುನೆಸ್ಕೋದವರು 'ಸುನಾಮಿಗೆ ಸಿದ್ಧ' ಎಂಬ ಮಾನ್ಯತೆ ಕೊಟ್ಟರು. ಯಾವ ದಾರಿಯಲ್ಲಿ ಓಡಬೇಕು, ಎಲ್ಲಿ ಸೇರಬೇಕು ಎಂಬುದೆಲ್ಲ ಅಲ್ಲಿ ಮೊದಲೇ ಗೊತ್ತುಮಾಡಿ, ಜನರಿಗೆ ಅಭ್ಯಾಸ ಮಾಡಿಸಬೇಕು. ನಮ್ಮ ಮಹಾನಗರದ ತೀರದಲ್ಲಿ ಅಂಥ ಅಭ್ಯಾಸವನ್ನು ನಾನಂತೂ ಕಣ್ಣಾರೆ ಕಂಡಿಲ್ಲ. ಸುನಾಮಿಯ ನಂತರ ಸಮುದ್ರದಂಚಿನ ಎಷ್ಟೋ ಕುಟುಂಬಗಳಿಗೆ ದೂರದ ಸೆಮ್ಮಂಚೇರಿಯಲ್ಲಿ ಮನೆ ಕೊಟ್ಟರು. ಅಲ್ಲಿಂದ ಬೆಳಗಿನ ಜಾವ ಕಡಲಿಗೆ ಇಳಿಯುವುದು ಹೇಗೆ, ಏಳೂವರೆಗೆ ನಮ್ಮಂಥವರ ಮನೆಗೆ ಬರುವುದು ಹೇಗೆ? ಅವಳು ಹೋಗಲಿಲ್ಲ. ನಾವೂ, ಹೋಗಿಬಿಟ್ಟರೆ ಬೇರೆಯವರನ್ನು ಹುಡುಕಬೇಕಲ್ಲ ಎಂದುಕೊಂಡೆವು. ನಿಜ ಹೇಳಬೇಕಲ್ಲ.

ನಲ್ಲವಾಡಿನ ಕತೆ ಕೇಳಿ ಅವಳು, "ಮೈಕು ನಮ್ಮಲ್ಲೂ ಇದೆ" ಎಂದಳು. ಅಮ್ಮನ ಗುಡಿಯದು. ಆಡಿ ತಿಂಗಳಲ್ಲಿ ಅಂಬಲಿ ಹಂಚುವಾಗ ಮೂರು ದಿನ ಯಾರಿಗೂ ನಿದ್ದೆ ಬಾರದ ಹಾಗೆ ಹಾಡು ಹಾಕುತ್ತಾರಂತೆ, ಅಷ್ಟು ಜೋರು. ಅದರ ಬೀಗದ ಕೈ ಇರುವುದು ಗುಡಿ ನೋಡಿಕೊಳ್ಳುವ ಒಬ್ಬ ಮುದುಕನ ಹತ್ತಿರ. ಮಾರನೆಯ ದಿನ ಅವನ ಫೋನ್ ನಂಬರನ್ನು ಮಗನ ಕೈಯಲ್ಲಿ ಬರೆಸಿಕೊಂಡು ಬಂದಳು. "ನಿಮಗೆ ಇಂಗ್ಲಿಷ್ ಬರುತ್ತೆ, ಟೀವಿ ನೋಡುತ್ತೀರಿ, ನಿಮ್ಮ ಫೋನು ಕಿರುಚುತ್ತೆ. ನನಗೆ ಸಿಗದಿದ್ದರೆ ಇವನಿಗೆ ಹೇಳಿ" ಎಂದಳು.

ನಮ್ಮ ಅಡುಗೆಮನೆಯಲ್ಲಿ ದಿನಸಿ ಅಂಗಡಿಯವರು ಕೊಡುವ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಇದೆ. ಅದರ ರಟ್ಟಿನ ಮೇಲೆ ಗ್ಯಾಸಿನವರದು, ಪ್ಲಂಬರಿನದು, ಬೆಂಗಳೂರಿನ ಮಗಳದು, ನಮ್ಮ ಸಂಘದ ಕಾರ್ಯದರ್ಶಿಗಳದು, ಹೀಗೆ ನಂಬರುಗಳ ಸಾಲು. ಅವುಗಳ ಕೆಳಗೆ ಅವನದನ್ನೂ ದಪ್ಪ ಅಕ್ಷರದಲ್ಲಿ ಬರೆದೆ. ವರ್ಷ ತಿರುಗಿದಾಗ ಹೊಸ ರಟ್ಟಿಗೆ ನಕಲು ಮಾಡುತ್ತೇನೆ. ಮೊನ್ನೆ ಹೊಸ ಕ್ಯಾಲೆಂಡರು ಬಂತು. ನಕಲು ಮಾಡುವ ಮುಂಚೆ ನಂಬರು ಅದೇ ಇದೆಯೇ ಎಂದು ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಮ್ಮೆ ಹಚ್ಚಿದೆ. ನಾಲ್ಕು ಸಲ ಗಂಟೆಯಾದ ಮೇಲೆ ಮುದುಕ ಎತ್ತಿದ. ಯಾರೆಂದು ಹೇಳಿದೆ.

"ಏನಮ್ಮಾ, ಏನಾಯಿತು?" ಎಂದ ಗಾಬರಿಯಲ್ಲಿ.

ಏನೂ ಇಲ್ಲ, ನೀವು ಫೋನು ಎತ್ತುತ್ತೀರಾ ಎಂದು ನೋಡಿದೆ ಎಂದೆ.